ಗಾಳೆಮ್ಮನ ಹೆರಳೊಳಗಿನ ಗಂಟು

ಯಾರ ಹೆರಳನ್ನು ಬಿಚ್ಚುವುದಿದ್ದರೂ ಉಡಚಮ್ಮ ಮೊದಲು ನೆತ್ತಿಯನ್ನು ಮೂಸುತ್ತಿದ್ದಳು. ಕುಷ್ಟಗಿಯ ಹುಡುಗಿಯರು ಇದಕ್ಕೆ ಕಿಸಕ್ಕನೆ ನಗುತ್ತಿದ್ದರು. ಆದರೆ ಮೂವತ್ತು ವರ್ಷಗಳಿಂದ ಮದುಮಕ್ಕಳ ತಲೆ ಎರೆದು, ಬಾಚಿ, ಮೊಗ್ಗಿನ ಹೆರಳು ಹಾಕುತ್ತ ಬಂದವಳಿಗೆ ಕೈಯಷ್ಟೇ ಮೂಗೂ ಬೇಕು. ಎಣ್ಣೆ ಎಷ್ಟು ದಿನದ್ದು, ಹಸಿ ಕೂದಲನ್ನೇ ಕಟ್ಟಿದ್ದಾರೋ, ನೆತ್ತಿಯಲ್ಲಿ ಹುಣ್ಣಿದೆಯೋ ಎಂಬುದೆಲ್ಲ ವಾಸನೆಯಲ್ಲೇ ತಿಳಿಯುತ್ತಿತ್ತು.

ಆ ಸೋಮವಾರ ಮುಂಜಾನೆ ಅವಳು ಸಣ್ಣಪ್ಪನ ಅಂಗಳದಲ್ಲಿ ಅವನ ಮಗಳು ಗಾಳೆಮ್ಮನನ್ನು ಕೂರಿಸಿಕೊಂಡಿದ್ದಳು. ಹುಡುಗಿಗೆ ಹದಿನಾರು. ಗುರುವಾರ ಮದುವೆ, ಹನುಮಸಾಗರದ ದ್ಯಾವಪ್ಪನ ಜೊತೆ. ಮೂಸಿದಾಗ ಔಡಲೆಣ್ಣೆಯ ವಾಸನೆ ಬಂತು. ಅದರ ಅಡಿಯಲ್ಲಿ ಇನ್ನೊಂದು ಇತ್ತು, ಗುಲಾಬಿಯಂಥದ್ದು. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ಗುಲಾಬಿ ಎಲ್ಲಿಂದ ಬರಬೇಕು?

"ಏನವಾ ಮದುಮಗಳ, ತಲಿಗೆ ಏನ್ ಹಚಗೊಂಡಿ?"

"ಏನಿಲ್ಲ ಆಯಿ. ಔಡಲೆಣ್ಣಿ ಅಷ್ಟ. ಅತ್ತಿ ಹಚ್ಯಾಳ."

ಉತ್ತರ ಸ್ವಲ್ಪ ಬೇಗನೆ ಬಂತೆಂದು ಉಡಚಮ್ಮನಿಗೆ ಅನ್ನಿಸಿತು. ಅವಳು ಹೆರಳಿಗೆ ಕೈ ಹಾಕಿದಳು. ಹೆರಳು ಉದ್ದ ಕಾಣಲೆಂದು ಹೆಂಗಸರು ಉದುರಿದ ಕೂದಲನ್ನು ಕೂಡಿಸಿ ಚವರಿ ಕಟ್ಟುವುದುಂಟು. ಚವರಿಯನ್ನು ಯಾರೇ ಆದರೂ ಹೆರಳಿನ ಕೆಳಗಿನ ಅರ್ಧಕ್ಕೆ ಸೇರಿಸುತ್ತಾರೆ. ಇಲ್ಲಿ ಅದನ್ನು ಹೆಡಕಿನ ಹತ್ತಿರ, ಬಲಗಿವಿಯ ಹಿಂದೆ ಸುತ್ತಿ, ಕರಿದಾರದಿಂದ ಬಿಗಿಯಾಗಿ ಹೊಲಿದಿದ್ದರು. ಅಲ್ಲಿ ಕಟ್ಟಿದರೆ ಹೆರಳು ಒಂದು ಬೆರಳಿನಷ್ಟೂ ಉದ್ದವಾಗುವುದಿಲ್ಲ. ಅಂದಮೇಲೆ ಅದು ಇರುವುದು ಉದ್ದಕ್ಕಲ್ಲ, ಮರೆಗೆ.

ಅವಳು ದಾರ ಕತ್ತರಿಸಿದಳು. ಚವರಿ ಬಿದ್ದೊಡನೆ ಕೈ ತಾನಾಗಿ ಹಿಂದೆ ಸರಿಯಿತು.

ಹೆಬ್ಬೆರಳ ದಪ್ಪ, ಮೂರು ಬೆರಳು ಉದ್ದದ ಗಂಟು. ಕೂದಲು ಕೂದಲಿಗೆ ಅಂಟಿ, ಹಗ್ಗದ ತುಂಡಿನಂತೆ ಗಟ್ಟಿಯಾಗಿ, ಮೇಲೆ ಬೂದಿ ಬಣ್ಣ ತಿರುಗಿತ್ತು.

ಆ ಸೀಮೆಯಲ್ಲಿ ಇದು ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹೆಣ್ಣಿನ ತಲೆಯಲ್ಲಿ ತಾನಾಗಿ ಜಡೆಗಟ್ಟಿದರೆ ಹುಲಗಿಯ ದೇವಿ ಅವಳನ್ನು ಕೇಳಿದ್ದಾಳೆಂದೇ ಅರ್ಥ. ಆ ಜಡೆಗೆ ಬಾಚಣಿಗೆ ಮುಟ್ಟಿಸಬಾರದು, ಕತ್ತರಿಯಂತೂ ಕೂಡದು. ಹುಣ್ಣಿಮೆಗೆ ಹುಡುಗಿಯನ್ನು ಹುಲಗಿಗೆ ಕರೆದೊಯ್ದು ಕೊರಳಿಗೆ ಮುತ್ತು ಕಟ್ಟಿಸುತ್ತಾರೆ. ಆಮೇಲೆ ಅವಳಿಗೆ ಮದುವೆಯಿಲ್ಲ. ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಜೋಗ ಬೇಡುತ್ತ ತಿರುಗಬೇಕು, ಮತ್ತು ಊರಿನ ದೊಡ್ಡವರ ಕಣ್ಣಿಗೆ ಅವಳು ಯಾರ ಹೆಂಡತಿಯೂ ಅಲ್ಲದ ಹೆಣ್ಣಾಗಿ ಉಳಿಯುತ್ತಾಳೆ.

"ಮುಚ್ಚಿಬಿಡ್ರಿ ಆಯಿ," ಎಂದಳು ಗಾಳೆಮ್ಮ, ತಿರುಗಿ ನೋಡದೆ, ಪಿಸುದನಿಯಲ್ಲಿ. "ಮೊಗ್ಗಿನ ಒಳಗ ಮುಚ್ಚಿಬಿಡ್ರಿ. ನಿಮ್ಮ ಕಾಲ ಬೀಳ್ತೀನಿ."

"ಯಾವಾಗಿಂದ ಐತಿ ಇದು?"

"ಸಂಕ್ರಮಣ ಆದಮ್ಯಾಲಿಂದ."

"ದಿನಾ ಹೆರಳು ಹಾಕೋರು ಯಾರು?"

"ಅತ್ತೀನ."

ಅತ್ತಿ ಎಂದರೆ ಸಣ್ಣಪ್ಪನ ಅಕ್ಕ ದುರಗಮ್ಮ. ತಾಯಿ ಸತ್ತ ಮೇಲೆ ಗಾಳೆಮ್ಮನನ್ನು ಬೆಳೆಸಿದವಳು ಅವಳೇ. ಆಗ ಅವಳು ಬೇವಿನ ಮರದ ಕೆಳಗೆ ಕೂತು ಮದುವೆಯ ಜೋಳ ಹಸನು ಮಾಡುತ್ತಿದ್ದಳು. ಅವಳ ಹೆಗಲ ಮೇಲಿಂದ ತೊಡೆಯವರೆಗೆ ಇಳಿದಿತ್ತು ಅರಿಶಿನ ಮೆತ್ತಿದ ಅವಳದೇ ಜಡೆ, ನಲವತ್ತು ವರ್ಷದ್ದು. ಎಂಟನೆಯ ವಯಸ್ಸಿಗೆ ದೇವಿಗೆ ಬಿಟ್ಟ ಹೆಣ್ಣು. ಮಂಗಳವಾರ, ಶುಕ್ರವಾರ ಬುಟ್ಟಿ ಹೊತ್ತು ಓಣಿ ತಿರುಗುತ್ತಿದ್ದಳು. ಈಗ ಮೊಣಕಾಲು ಸೋತಿದ್ದವು.

ಉಡಚಮ್ಮ ಅವಳನ್ನು ನೋಡಿದಳು, ಮತ್ತೆ ಗಂಟನ್ನು ನೋಡಿದಳು. ದುರಗಮ್ಮನ ನಂತರ ಆ ಬುಟ್ಟಿ ಯಾರ ತಲೆಗೆ? ಮನೆಯಲ್ಲಿರುವ ಇನ್ನೊಂದು ಹೆಣ್ಣು ಇದೊಂದೇ. ಅದು ಗುರುವಾರ ಹನುಮಸಾಗರಕ್ಕೆ ಹೊರಟಿದೆ. ದಿನವೂ ಆ ತಲೆಗೆ ಕೈ ಹಾಕುತ್ತಿದ್ದವಳು ದುರಗಮ್ಮ. ಎಲ್ಲೋ ಒಂದೂರಲ್ಲಿ ಹುಡುಗಿಯ ಕೂದಲಿಗೆ ಆಲದ ಹಾಲು ಹಚ್ಚಿ ಜಡೆ ಕಟ್ಟಿಸಿದ್ದರೆಂಬ ಮಾತನ್ನು ಉಡಚಮ್ಮ ಹಿಂದೆ ಕೇಳಿದ್ದಳು. ಎಲ್ಲ ಒಂದಕ್ಕೊಂದು ಕೂಡಿಕೊಂಡವು. ಅಷ್ಟು ಸಲೀಸಾಗಿ ಕೂಡಿಕೊಂಡದ್ದೇ ಅನುಮಾನ ಪಡಬೇಕಾದ ಸಂಗತಿ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಆದರೂ ಮೊದಲು ಒಂದು ಪರೀಕ್ಷೆ ಮಾಡಿದಳು. ಮಕ್ಕಳ ತಲೆಯಿಂದ ಅವಳು ಜಾಲಿಯ ಅಂಟು, ಬೆಲ್ಲದ ಪಾಕ, ಹಿಟ್ಟು ಎಲ್ಲ ಬಿಡಿಸಿದವಳು. ಅವೆಲ್ಲ ಬಿಸಿನೀರಿಗೆ ಕರಗುತ್ತವೆ. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಗಂಟಿಗೆ ಸುತ್ತಿ, ಆರುವವರೆಗೆ ಕಾದಳು. ಬಿಚ್ಚಿದಾಗ ಗಂಟು ಇದ್ದ ಹಾಗೇ ಇತ್ತು. ನೀರಿಗೆ ಕರಗಲಿಲ್ಲ ಎಂದರೆ ಹಾಲೇ.

"ದುರಗೀ!" ಎಂದು ಅಂಗಳದ ಈ ತುದಿಯಿಂದಲೇ ಕೂಗಿದಳು. "ಆಲದ ಹಾಲು ಎಲ್ಲಿಂದ ತಂದಿ? ಹೊತ್ತು ಹೊತ್ತು ಸಾಕಾತಂತ ಕೂಸಿನ ತಲಿಮ್ಯಾಲ ಹೊರಸಾಕ ನಿಂತೀಯೇನ?"

ಜೋಳದ ಮೊರ ದುರಗಮ್ಮನ ಕೈಯಲ್ಲೇ ನಿಂತಿತು. ಪಕ್ಕದ ಗೋಡೆಯ ಮೇಲೆ ಎರಡು ತಲೆಗಳು ಕಾಣಿಸಿಕೊಂಡವು. ಹಂದರಕ್ಕೆ ಗಳ ಕಟ್ಟುತ್ತಿದ್ದ ಸಣ್ಣಪ್ಪ ಓಡಿ ಬಂದ. ಮಗಳ ಕಿವಿಯ ಹಿಂದಿನದನ್ನು ನೋಡಿದವನೇ ಕೈ ಮುಗಿದು ಅಲ್ಲೇ ಕುಸಿದ.

"ತಾಯಿ ಕೇಳ್ಯಾಳ," ಎಂದ. "ಒಮ್ಮೆ ಅಕ್ಕನ್ನ ಕೇಳಿದ್ಲು, ಈಗ ಮಗಳನ್ನ. ಹನುಮಸಾಗರಕ್ಕ ಹೇಳಿ ಕಳಸ್ತೀನಿ, ಮದುವಿ ಬ್ಯಾಡ ಅಂತ. ಹುಲಗಿಗೆ ಹೋಗೂದ."

"ದೇವಿ ಕೇಳಿಲ್ಲೋ. ನಿಮ್ಮಕ್ಕ ಕೇಳ್ಯಾಳ."

ದುರಗಮ್ಮ ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ಚವರಿ ಹೊಲದಾಕಿ ನಾನು," ಎಂದಳು. "ಹಾಲು ಹಚ್ಚಿದಾಕಿ ನಾನಲ್ಲ."

"ಹಚ್ಚಲಿಲ್ಲಂದ್ರ ಮುಚ್ಚಿದ್ದ್ಯಾಕ?"

"ಮದುವಿ ಆಗಲಿ ಅಂತ."

"ನಿನ್ನ ದೇವೀಗೇ ಮುಚ್ಚಿ?"

ದುರಗಮ್ಮ ಬಗ್ಗಿ, ಬಿದ್ದ ಚವರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಉಡಚಮ್ಮನಿಗೆ ಅದೂ ಸಾಕ್ಷಿಯಂತೆಯೇ ಕಂಡಿತು. ಹಂದರದಲ್ಲಿ, ಬೀಗರ ಮುಂದೆ, ಅಕ್ಕಿಕಾಳು ಬೀಳುವ ಹೊತ್ತಿಗೆ ದಾರ ಸಡಿಲಾಗಿ ಜಡೆ ಕಾಣಿಸಲೆಂದೇ ಹೊಲಿದಿರಬಹುದು. ಆಗ ಮದುವೆ ತಾನೇ ಮುರಿಯುತ್ತಿತ್ತು, ಯಾರ ಕೈಯೂ ಕಾಣದೆ.

"ಸಣ್ಣಪ್ಪ, ಬುಧವಾರ ಮುಂಜಾನಿತನ ತಾಳು," ಎಂದಳು. "ಅಷ್ಟರಾಗ ಇದು ಬಿಚ್ಚಲಿಲ್ಲ ಅಂದ್ರ ನಾನ ನಿನ್ನ ಜೋಡಿ ಹುಲಗಿಗೆ ಬರ್ತೀನಿ. ಬಿಚ್ಚಿದ್ರ ಮದುವಿ. ಅಲ್ಲೀತನ ಈಕಿ ನನ್ನ ಮನ್ಯಾಗ ಇರಲಿ."

ಸಣ್ಣಪ್ಪ ಅಕ್ಕನ ಮುಖ ನೋಡಿದ. ದುರಗಮ್ಮ ತಲೆಯಾಡಿಸಿದಳು. ಅವಳು ಇಷ್ಟು ಸುಲಭವಾಗಿ ಒಪ್ಪಿದ್ದೂ ಉಡಚಮ್ಮನಿಗೆ ಸರಿ ಕಾಣಲಿಲ್ಲ.

ಆಲದ ಹಾಲಿನ ಗುಣ ಅವಳಿಗೆ ಗೊತ್ತಿತ್ತು. ನೀರಿಗೆ ಜಗ್ಗುವುದಿಲ್ಲ, ಬೆಚ್ಚನೆಯ ಎಣ್ಣೆಗೆ ಮೆತ್ತಗಾಗಿ ದಾರದಂತೆ ಎಳೆಯುತ್ತದೆ. ಮನೆಗೆ ಬಂದು ಎಳ್ಳೆಣ್ಣೆ ಕಾಯಿಸಿ ಗಂಟಿನ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಿದಳು. ಮೇಲಿನ ಅರ್ಧವನ್ನು ಹಾಗೇ ಬಿಟ್ಟಳು. ಎರಡಕ್ಕೂ ಹಚ್ಚಿದರೆ, ಎಣ್ಣೆಯಿಂದ ಏನಾಯಿತು, ತಾನಾಗಿ ಏನಾಯಿತು ಎಂದು ತಿಳಿಯುವುದು ಹೇಗೆ?

ಮರುದಿನ ಬೆಳಿಗ್ಗೆ ಎರಡು ಅರ್ಧಕ್ಕೂ ವ್ಯತ್ಯಾಸವಿರಲಿಲ್ಲ. ಒಂದು ಮಿಂಚುತ್ತಿತ್ತು, ಅಷ್ಟೆ. ದಾರ ಎಳೆಯಲಿಲ್ಲ, ಮೆತ್ತಗಾಗಲಿಲ್ಲ.

ಉಡಚಮ್ಮ ಬಹಳ ಹೊತ್ತು ಗಂಟನ್ನು ಹಿಡಿದುಕೊಂಡೇ ಕೂತಳು. ಆಲದ ಹಾಲಲ್ಲ ಎಂದರೆ ನಿನ್ನೆ ಓಣಿಯೆಲ್ಲ ಕೇಳುವ ಹಾಗೆ ಕೂಗಿದ ಮಾತು ಸುಳ್ಳು. ಹಾಗಾದರೆ ಇದು ನಿಜವಾಗಿ ದೇವಿಯದೇ? ಕೈ ಬಿಡಬೇಕೆನ್ನಿಸಿತು. ಬಿಡಲಿಲ್ಲ. ಎಣ್ಣೆ ತಾಗದ ಭಾಗವನ್ನು ಉಗುರಿನಿಂದ ಕೆರೆದಳು. ಬಿಳಿಯ ಪುಡಿ ಉದುರಿತು. ಬೆರಳಲ್ಲಿ ತಿಕ್ಕಿದರೆ ಜಿಡ್ಡು. ನಾಲಿಗೆಗೆ ಇಟ್ಟು ನೋಡಿದಳು. ಸುಣ್ಣವಲ್ಲ, ಉಪ್ಪಲ್ಲ. ಮೂಸಿದರೆ ಮತ್ತೆ ಅದೇ ಗುಲಾಬಿ.

ಈ ಜಿಡ್ಡುಪುಡಿಯನ್ನು ಬೇರೆಲ್ಲೋ ಮುಟ್ಟಿದ್ದೇನೆ ಎಂದು ಯೋಚಿಸುತ್ತಲೇ ನೀರಿಗೆ ಹೊರಟಳು. ಓಣಿಯ ಗಡಸು ನೀರಿನ ಸವಳ ಬಾವಿಯ ಕಟ್ಟೆಯ ಮೇಲೆ ಯಾರೋ ಮಗುವಿನ ಅಂಗಿಗೆ ಸಾಬೂನು ತಿಕ್ಕುತ್ತಿದ್ದರು. ನೊರೆ ಏಳುತ್ತಿರಲಿಲ್ಲ. ಒಡೆದ ಹಾಲಿನಂಥ ಬಿಳಿಯ ಚೂರುಗಳು ಹರಿದು ಕಲ್ಲಿಗೆ ಅಂಟುತ್ತಿದ್ದವು. ಉಡಚಮ್ಮ ಬಗ್ಗಿ ಕಲ್ಲನ್ನು ಉಗುರಿನಿಂದ ಕೆರೆದಳು. ಬೆರಳಲ್ಲಿ ತಿಕ್ಕಿದಳು. ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು.

"ಗಾಳೀ, ಯಾರ ಸಾಬೂನು?"

ಹುಡುಗಿ ಸೆರಗನ್ನು ಹಿಂದಕ್ಕೆ ಸರಿಸಿಕೊಂಡಳು.

"ಖರೇ ಹೇಳಿದ್ರ ಈ ಗಂಟು ಬಿಚ್ಚತೈತಿ. ಸುಳ್ಳು ಹೇಳಿದ್ರ ಹುಲಗಿಗೆ ಹೋಗ್ತಿ."

ಆಗ ಎಲ್ಲ ಹೊರಬಂತು. ಗಾಳೆಮ್ಮ ತಾಲೂಕು ಕಚೇರಿಯ ಪೇಶಕಾರರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಪೇಶಕಾರರ ಹೆಂಡತಿ ಇಮಾಮಬಾನು ಗುಲಾಬಿ ಸಾಬೂನಿನಿಂದ ತಲೆ ತೊಳೆಯುತ್ತಿದ್ದರು. ಬಚ್ಚಲಲ್ಲಿ ತೆಳ್ಳಗೆ ಸವೆದು ಬಿದ್ದ ಚೂರುಗಳನ್ನು ಗಾಳೆಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

"ಅವರ ಕೂದಲಾ ನೋಡ್ಬೇಕು ಆಯಿ, ರೇಷ್ಮಿ ರೇಷ್ಮಿ. ಮದುವಿಗೆ ನಂದೂ ಹಂಗ ಆಗಲಿ ಅಂತ ತಿಕ್ಕೊಂಡೆ. ನೊರಿ ಬರಲಿಲ್ಲ. ಮತ್ತಷ್ಟು ಹಚ್ಚಿದೆ. ಕಿವೀ ಹಿಂದ ಅಂಟ್ಕೊಂಡ್ತು. ಬಿಡಸಾಕ ಅಂತ ಇನ್ನಷ್ಟು ಹಚ್ಚಿದೆ." ಅವಳು ಮೂಗು ಒರೆಸಿಕೊಂಡಳು. "ಕೇಳದ ತಗೊಂಡಿದ್ದೆ. ಅದಕ್ಕ ತಾಯಿ ಸಿಟ್ಟಾಗ್ಯಾಳ ಅಂತ ತಿಳಕೊಂಡೆ. ಅತ್ತಿಗೂ ಸಾಬೂನಿಂದು ಹೇಳಿಲ್ಲ."

"ಅವರಿಗೆ ಕುಡಿಯೂ ನೀರೂ ಜಳಕದ ನೀರೂ ಎಲ್ಲಿಂದ ಬರ್ತೈತಿ?"

"ಊರಾಚಿ ಸಿಹಿ ಬಾವಿಯಿಂದ. ಬಂಡಿ ಮ್ಯಾಲ."

"ನೀ ತಲಿಗೆ ಹಾಕ್ಕೊಂಡಿದ್ದು?"

"ಸವಳ ಬಾವೀದು."

ಸಿಹಿನೀರಲ್ಲಿ ನೊರೆಯಾಗುವ ಸಾಬೂನು ಸವಳು ನೀರಲ್ಲಿ ಒಡೆದು, ಕರಗದ ಜಿಡ್ಡಾಗಿ, ಸಿಕ್ಕಲ್ಲಿ ಕೂತುಬಿಡುತ್ತದೆ. ಸೀಗೆಕಾಯಿಗೆ ಈ ಗುಣವಿಲ್ಲ. ಸೀಗೆಯಲ್ಲೇ ತಲೆ ತೊಳೆದ ಊರಿಗೆ ಇದು ಗೊತ್ತಿರುವ ಕಾರಣವೂ ಇರಲಿಲ್ಲ. ಉಡಚಮ್ಮನಿಗೆ ಗೊತ್ತಿದ್ದುದು ಇನ್ನೊಂದು. ಅದೇ ಬಾವಿಯ ನೀರು ಕಾಸಿ ಕಾಸಿ ಅವಳ ತಾಮ್ರದ ಹಂಡೆಯೊಳಗೆ ಬಿಳಿಯ ಪದರು ಕಟ್ಟುತ್ತಿತ್ತು. ಅದು ಬೂದಿಗೆ ಹೋಗುತ್ತಿರಲಿಲ್ಲ, ಹುಣಸೆಹುಳಿಗೆ ಹೋಗುತ್ತಿತ್ತು.

ಹುಣಸೆಹಣ್ಣು ಕಿವುಚಿ, ಬೆಚ್ಚಗೆ ಮಾಡಿ, ಎಣ್ಣೆ ತಾಗದ ಅರ್ಧಕ್ಕೆ ಮೊದಲು ಬಟ್ಟೆಯಲ್ಲಿ ಸುತ್ತಿದಳು. ಅರ್ಧ ತಾಸಿನ ನಂತರ ಬಿಚ್ಚಿದಾಗ ಬೂದಿ ಬಣ್ಣ ಹೋಗಿತ್ತು. ಗಂಟು ಬೆರಳಿಗೆ ಬಾಗಿತು. ಮೇಣದಂಥ ಜಿಡ್ಡು ಕೈಗೆ ಹತ್ತಿತು. ಉಡಚಮ್ಮ ಇಡೀ ಗಂಟಿಗೆ ಹುಳಿ ಹಾಕಿ, ಆಮೇಲೆ ಎಣ್ಣೆ ಹಚ್ಚಿ, ಬಿದಿರು ಕಡ್ಡಿ ತೆಗೆದುಕೊಂಡು ಕೂತಳು.

"ಬುಡದಿಂದ ಎಳೀರಿ ಆಯಿ, ಬೇಗ ಬರ್ತೈತಿ."

"ಬುಡಕ್ಕ ಕೈ ಹಾಕಿದ್ರ ಬಿಗೀತೈತಿ. ತುದಿಯಿಂದ ಸುರು ಮಾಡಬೇಕು. ಸುಮ್ನ ಕೂಡು."

ಸಂಜೆಯ ಹೊತ್ತಿಗೆ ಬಾಚಣಿಗೆ ಬಲಗಿವಿಯ ಹಿಂದೆ ಬುಡದಿಂದ ತುದಿಯವರೆಗೆ ಇಳಿಯಿತು. ಒಂದು ಮುಷ್ಟಿ ಕೂದಲು ಹೋಗಿತ್ತು. ಗಾಳೆಮ್ಮ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಸಣ್ಣಪ್ಪನಿಗೆ ಸಾಬೂನಿನ ಕತೆಯನ್ನು ಹೇಳಿದಾಗ ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಮಗಳ ಕೂದಲೊಳಗೆ ಐದೂ ಬೆರಳು ಆಡಿಸಿ, ಮತ್ತೆ ಹಂದರ ಕಟ್ಟಲು ಹೋದ. ದುರಗಮ್ಮ ಎಲ್ಲವನ್ನೂ ಕೇಳಿದಳು, ಎರಡು ಸಲ ಕೇಳಿದಳು. "ಹುಳಿ ಹಾಕಿದ್ಯೇನ? ಬರೇ ಹುಳಿ?" ಎಂದಳು. ಉಡಚಮ್ಮ, "ನಾ ನಿನ್ನೆ ಒದರಬಾರದಿತ್ತು," ಎಂದಷ್ಟೇ ಹೇಳಿದಳು. ದುರಗಮ್ಮ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಆದರೆ ಒದರಿದ ಮಾತು ಗೋಡೆ ದಾಟಿ ಹೋಗಿತ್ತು. ಗುರುವಾರ ಬರಬೇಕಾದ ಬೀಗರ ಬಂಡಿ ಬುಧವಾರ ಮಧ್ಯಾಹ್ನವೇ ಬಂತು. ಇಳಿದವಳು ದ್ಯಾವಪ್ಪನ ತಾಯಿ ಕೆಂಚಮ್ಮ ಒಬ್ಬಳೇ. ಕೊಟ್ಟ ನೀರು ಮುಟ್ಟಲಿಲ್ಲ.

"ಹುಡಿಗಿ ಹೆರಳು ಬಿಚ್ಚರಿ," ಎಂದಳು.

ಉಡಚಮ್ಮ ಬಿಚ್ಚಿದಳು. ಕೆಂಚಮ್ಮ ಬೆಳಕಿಗೆ ತಿರುಗಿಸಿ ಕೂರಿಸಿ, ಕೂದಲನ್ನು ಸೀಳು ಸೀಳಾಗಿ ತೆಗೆದು ನೋಡಿದಳು. ಎಡಗಿವಿಯ ಹಿಂದೆ, ನೆತ್ತಿಯಲ್ಲಿ, ಹೆಡಕಿನಲ್ಲಿ. ಬಲಗಿವಿಯ ಹಿಂದೆ ಅವಳ ಬೆರಳು ನಿಂತಿತು.

"ಇಲ್ಲಿ ಯಾಕ ತೆಳ್ಳಗೈತಿ?"

ಉಡಚಮ್ಮ ಬಾಯಿ ತೆರೆಯುವ ಮೊದಲೇ ದುರಗಮ್ಮ, "ಸಿಕ್ಕು ಬಿದ್ದಿತ್ತು ಬೀಗ್ತಿ. ಬಿಡಸೂ ಮುಂದ ಕಿತ್ತೈತಿ," ಎಂದಳು.

"ಹುಳಿ ನಾರತೈತಲ್ಲ?"

"ಮಿಂಚಲಿ ಅಂತ ನಾ ಹಾಕೇನ್ರಿ," ಎಂದಳು ಉಡಚಮ್ಮ. "ಮುಟ್ಟಿ ನೋಡ್ರಿ, ಹೆಂಗ ಜಾರತೈತಿ."

ಕೆಂಚಮ್ಮ ಮುಟ್ಟಲಿಲ್ಲ. ಅವಳ ಕಣ್ಣು ದುರಗಮ್ಮನ ಜಡೆಯ ಮೇಲಿತ್ತು. "ಬಾಯಿ ಮಾತು ಬ್ಯಾಡ. ನಿನ್ನ ಜಡೀ ಮುಟ್ಟಿ ಹೇಳು ಜೋಗಮ್ಮ. ಈ ಹುಡಿಗಿಗೆ ತಾಯಿ ಜಡಿ ಕೊಟ್ಟಿಲ್ಲ ಅಂತ ಹೇಳು. ಸುಳ್ಳಾದ್ರ ಅದು ನಿನಗ ತಟ್ಟಲಿ."

ದುರಗಮ್ಮ ಬಲಗೈಯಲ್ಲಿ ತನ್ನ ಜಡೆಯನ್ನು ಹಿಡಿದಳು. ಅವಳು ಹಿಡಿದುಕೊಂಡದ್ದನ್ನು ಮೊದಲ ಸಲ ನೋಡುವವಳಂತೆ ನೋಡುತ್ತಿದ್ದಳು. ಉಡಚಮ್ಮ ಅವಳನ್ನೇ ನೋಡಿದಳು. ಈಗ ಮದುವೆ ಕೆಡಿಸುತ್ತಾಳೆಯೇ, ಸೋಮವಾರದ ಅನುಮಾನವೇ ನಿಜವಿತ್ತೇ?

"ತಾಯಿ ಈಕಿಗೆ ಜಡಿ ಕೊಟ್ಟಿಲ್ಲ," ಎಂದಳು ದುರಗಮ್ಮ. "ಈಕಿ ತಲ್ಯಾಗ ಇದ್ದದ್ದು ಬರೇ ಸಿಕ್ಕು."

ಕೆಂಚಮ್ಮ ಉಸಿರು ಬಿಟ್ಟು, ನೀರಿನ ತಂಬಿಗೆಗೆ ಕೈ ಚಾಚಿದಳು.

ಗುರುವಾರ ಉಡಚಮ್ಮ ಗಾಳೆಮ್ಮನ ಹೆರಳಿಗೆ ಮಲ್ಲಿಗೆ ಮೊಗ್ಗನ್ನು ಸಾಲಾಗಿ ಹೊಲಿದಳು. ಬಲಗಿವಿಯ ಹಿಂದೆ ಎರಡು ಸಾಲು ಹೆಚ್ಚು. ತಾಳಿಯ ಕರಿಮಣಿ ಪೋಣಿಸಿಕೊಟ್ಟವಳು ದುರಗಮ್ಮ. ಮುತ್ತು ಕಟ್ಟಿಸಿಕೊಂಡವಳಿಗೆ ವೈಧವ್ಯವಿಲ್ಲ, ಹಾಗಾಗಿ ಪೋಣಿಸುವ ಕೈ ಅವಳದೇ ಆಗಬೇಕೆಂಬುದು ಓಣಿಯ ರೂಢಿ. ಪೋಣಿಸುವಾಗ ಅವಳ ಕೈಯಿಂದ ಎರಡು ಮಣಿ ಚೆಲ್ಲಿದವು. ಹಂದರದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಮರುದಿನ ಶುಕ್ರವಾರ. ದುರಗಮ್ಮ ಬುಟ್ಟಿ ಹೊತ್ತು ಓಣಿಗೆ ಬರಲಿಲ್ಲ. ಮಧ್ಯಾಹ್ನ ಬರಿಗೈಯಲ್ಲಿ ಉಡಚಮ್ಮನ ಮನೆಗೆ ಬಂದು, ಕಂಬಕ್ಕೊರಗಿ ಕೂತಳು. ಬಹಳ ಹೊತ್ತು ಮದುವೆಯ ಹೋಳಿಗೆಯ ಮಾತನ್ನೇ ಆಡಿದಳು. ಆಮೇಲೆ ಹೇಳಿದಳು:

"ನಂಗ ಆಗ ಎಂಟು ವರ್ಷ. ಜ್ವರ ಬಂದು ಒಂದು ತಿಂಗಳಾ ಹಾಸಿಗಿ ಬಿಟ್ಟು ಎದ್ದಿದ್ದಿಲ್ಲ. ಎದ್ದಾಗ ಜಡಿ ಇತ್ತು. ತಲಿ ಬಾಚಾಕ ನಿಮ್ಮವ್ವನ್ನ ಕರಸಿದ್ರು. ನೀನೂ ಬಂದಿದ್ದಿ, ಎಣ್ಣಿ ಬಟ್ಟಲಾ ಹಿಡಕೊಂಡು."

"ನೆನಪೈತಿ."

"ನಿಮ್ಮವ್ವ ಏನರ ಹಚ್ಚಿ ನೋಡಿದ್ಲೇನು? ನೀರು, ಎಣ್ಣಿ, ಹುಳಿ?"

ಉಡಚಮ್ಮನಿಗೆ ಎಲ್ಲ ಸ್ಪಷ್ಟವಾಗಿ ನೆನಪಿತ್ತು. ಅವ್ವ ದೂರದಿಂದಲೇ ನೋಡಿದ್ದಳು. ಬಾಚಣಿಗೆಯನ್ನು ಸೆರಗಿನ ಮರೆಗೆ ಸರಿಸಿ, ಅರಿಶಿನ ಕುಂಕುಮ ತರಿಸಿ ಹಚ್ಚಿ, ಕೈ ಮುಗಿದಿದ್ದಳು. ಉಡಚಮ್ಮ ಹಿಡಿದಿದ್ದ ಬಟ್ಟಲ ಎಣ್ಣೆ ತುಂಬಿದಂತೆಯೇ ಮನೆಗೆ ಮರಳಿತ್ತು. ಬೇರೇನಾದರೂ ಹೇಳಬಹುದಿತ್ತು. ಹಚ್ಚಿದ್ದಳು, ಬಿಡಲಿಲ್ಲ, ಎಂದರೆ ಮುಗಿದುಹೋಗುತ್ತಿತ್ತು.

"ಇಲ್ಲ," ಎಂದಳು. "ಬಾಚಣಿಗಿ ಸೈತ ಮುಟ್ಟಿಸಲಿಲ್ಲ."

ಸವಳ ಬಾವಿಯ ಗಾಲಿ ಕಿರುಗುಟ್ಟುವುದು ಕೇಳಿಸುತ್ತಿತ್ತು. ದುರಗಮ್ಮ ಮೆಲ್ಲಗೆ ತಿರುಗಿ, ಉಡಚಮ್ಮನಿಗೆ ಬೆನ್ನು ಮಾಡಿ, ಜಡೆಯನ್ನು ಹೆಗಲ ಹಿಂದಕ್ಕೆ ಎಸೆದಳು. ಅದು ನೆಲಕ್ಕೆ ಬಡಿದ ಸದ್ದು ಕೇಳಿಸಿತು.

"ಬಿಚ್ಚು ಅನ್ನಾಕತ್ತಿಲ್ಲ," ಎಂದಳು. "ಏನೈತಿ ಅಂತ ನೋಡು ಅಷ್ಟ."

ಉಡಚಮ್ಮ ಜಡೆಯ ತುದಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು. ಕೂದಲು ಬೆಳೆಯುವುದು ಬುಡದಿಂದ, ಆದ್ದರಿಂದ ತುದಿಯಲ್ಲಿರುವುದೇ ಎಲ್ಲಕ್ಕಿಂತ ಹಳೆಯದು. ಅಲ್ಲಿ ಎಂಟು ವರ್ಷದ ಹುಡುಗಿಯ ಕೂದಲಿತ್ತು. ಅವಳು ಅದನ್ನು ಮೂಗಿನ ಹತ್ತಿರ ತಂದಳು. ಅರಿಶಿನ, ಧೂಳು. ಬೇರೇನೂ ಇರಲಿಲ್ಲ.

"ಹುಣಸಿಹಣ್ಣು ಉಳದಾವೇನು?" ಎಂದು ದುರಗಮ್ಮ ಗೋಡೆಯ ಕಡೆಗೆ ಮುಖ ಮಾಡಿಯೇ ಕೇಳಿದಳು.

"ಅದಾವು. ಇದಕ್ಕ ಎಣ್ಣೀನೂ ಬೇಕು, ಭಾಳ ದಿನಾನೂ ಬೇಕು."

ಉಡಚಮ್ಮ ಬಿದಿರು ಕಡ್ಡಿಗೆ ಕೈ ಚಾಚಿದಳು. ದುರಗಮ್ಮ ತಟ್ಟನೆ ಅವಳ ಮಣಿಕಟ್ಟನ್ನು ಹಿಡಿದಳು.

"ಮೊದಲ ಬಾಗಲಾ ಹಾಕಿ ಬಾ," ಎಂದಳು.